ಇನ್ನೊಬ್ಬರು ಬರೆದ ಎರಡು ಲಕ್ಷ ಸಾಲು

ಕೆಲಸಕ್ಕೆ ಸೇರಿದ ಮೊದಲ ದಿನ ನನಗೊಂದು ಲ್ಯಾಪ್‌ಟಾಪ್ ಕೊಟ್ಟರು. ಅದರಲ್ಲಿದ್ದ ಒಂದು ಫೋಲ್ಡರ್ ತೋರಿಸಿ, ‘ಒಂದೆರಡು ವಾರ ಇದನ್ನ ನೋಡ್ತಾ ಇರು’ ಎಂದರು. ತೆರೆದೆ. ಒಳಗೆ ಇನ್ನೊಂದು ಫೋಲ್ಡರ್, ಅದರೊಳಗೆ ಮತ್ತೊಂದು, ಎಲ್ಲೆಡೆ ಫೈಲುಗಳು. ಕುತೂಹಲಕ್ಕೆ ಒಟ್ಟು ಸಾಲುಗಳನ್ನು ಎಣಿಸುವ ಕಮಾಂಡ್ ಕೊಟ್ಟೆ. ಎರಡು ಲಕ್ಷ ದಾಟಿತು. ಎಂಜಿನಿಯರಿಂಗ್‌ನ ಕೊನೆಯ ವರ್ಷ ನಾವು ನಾಲ್ವರು ಸೇರಿ ಮಾಡಿದ್ದ ಪ್ರಾಜೆಕ್ಟ್‌ನಲ್ಲಿ ಇದ್ದದ್ದು 1,800 ಸಾಲು. ಅದರಲ್ಲಿ ನಾವೇ ಬರೆದದ್ದೆಷ್ಟು ಎನ್ನುವುದನ್ನು ಇಲ್ಲಿ ಹೇಳದಿರುವುದೇ ಒಳ್ಳೆಯದು.

ಅದು ಬೆಂಗಳೂರಿನ ಒಂದು ಸಣ್ಣ ಕಂಪನಿ. ಅಡಿಕೆ ಮಂಡಿ, ಎಪಿಎಂಸಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಆ ಸಾಫ್ಟ್‌ವೇರ್‌ಗೆ ಆಗಲೇ ಹನ್ನೆರಡು ವರ್ಷ. ಬರೆದವರಲ್ಲಿ ಹೆಚ್ಚಿನವರು ಕಂಪನಿ ಬಿಟ್ಟು ಹೋಗಿದ್ದರು. ‘ಡಾಕ್ಯುಮೆಂಟೇಶನ್ ಇದೆಯಾ ಸರ್?’ ಎಂದು ಕೇಳಿದ್ದಕ್ಕೆ ಒಂದು ವರ್ಡ್ ಫೈಲ್ ಕಳಿಸಿದರು. ಮೊದಲ ಪುಟದಲ್ಲಿ ಕಂಪನಿಯ ಲೋಗೊ, ಎರಡನೇ ಪುಟದಲ್ಲಿ ಪರಿವಿಡಿ. ಮೂರನೇ ಪುಟ ಇರಲಿಲ್ಲ.

ಆರು ತಿಂಗಳು ಪ್ರೊಬೇಷನ್. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಇತ್ತು. ಹಾಗಾಗಿ ಗಂಭೀರವಾಗಿಯೇ ಶುರು ಮಾಡಿದೆ. ಮೊದಲ ಫೈಲ್ ತೆರೆದು ಮೊದಲ ಸಾಲಿನಿಂದ ಓದುತ್ತಾ ಹೋದೆ. ಅರ್ಥವಾಗದ ಪದ ಬಂದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪರೀಕ್ಷೆಗೆ ಓದಿ ಅಭ್ಯಾಸ ಇತ್ತಲ್ಲ, ಹಾಗೆ. ಒಂದು ವಾರಕ್ಕೆ ನೋಟ್‌ಬುಕ್ಕಿನ ನಲವತ್ತು ಪುಟ ತುಂಬಿತು. ತಲೆಗೆ ಮಾತ್ರ ಏನೂ ಹತ್ತಲಿಲ್ಲ. ಈ ಫೈಲ್ ಆ ಫೈಲನ್ನು ಕರೆಯುತ್ತದೆ, ಅದು ಇನ್ನೊಂದನ್ನು ಕರೆಯುತ್ತದೆ, ಅಲ್ಲಿಗೆ ಹೋಗುವಷ್ಟರಲ್ಲಿ ಎಲ್ಲಿಂದ ಹೊರಟಿದ್ದೆ ಎನ್ನುವುದೇ ಮರೆತಿರುತ್ತಿತ್ತು.

ರಾತ್ರಿ ಪಿಜಿಯಿಂದ ಮನೆಗೆ ಫೋನ್ ಮಾಡಿದರೆ ಅಪ್ಪನದು ಒಂದೇ ಪ್ರಶ್ನೆ. ‘ಏನ್ ಕೆಲಸ ಕೊಟ್ಟಾರವ್ವಾ?’

‘ಓದೋ ಕೆಲಸ ಅಪ್ಪಾ.’

‘ಇನ್ನೂ ಓದೋದ ಮುಗಿದಿಲ್ಲೇನು?’

ಅವರು ತಮಾಷೆಗೆ ಕೇಳಿದ್ದರು. ನನಗೆ ಮಾತ್ರ ಅಳು ಬಂದಿತ್ತು.

ಇದನ್ನು ಬರೆಯಲು ಕಾರಣ ಇದೆ. ಕಾಲೇಜಿನ ನಾಲ್ಕು ವರ್ಷ ನಮಗೆ ಕಲಿಸುವುದು ಖಾಲಿ ಫೈಲ್ ತೆರೆದು ಹೊಸ ಕೋಡ್ ಬರೆಯುವುದನ್ನು. ಲ್ಯಾಬ್ ಪರೀಕ್ಷೆಯೂ ಹಾಗೆಯೇ, ಕ್ಯಾಂಪಸ್ ಇಂಟರ್‌ವ್ಯೂವೂ ಹಾಗೆಯೇ. ಕೆಲಸಕ್ಕೆ ಬಂದ ಮೇಲೆ ಖಾಲಿ ಫೈಲ್ ಸಿಗುವುದು ಅಪರೂಪ. ಯಾರೋ ಬರೆದು ಬಿಟ್ಟುಹೋದದ್ದನ್ನು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಅದು ನಡೆಯುತ್ತಿರುವಾಗಲೇ ಅದರಲ್ಲೊಂದು ಸಣ್ಣ ಬದಲಾವಣೆ ಮಾಡಬೇಕು. ಬೆಂಗಳೂರಿನ ಐಟಿ ಉದ್ಯಮಕ್ಕೆ ಇದು ಹೊಸದೂ ಅಲ್ಲ. 2000ನೇ ಇಸವಿ ಬರುವ ಮುಂಚಿನ ‘ವೈಟುಕೆ’ ಕೆಲಸ ನೆನಪಿಸಿಕೊಳ್ಳಿ. ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಕೋಬಾಲ್ ಪ್ರೋಗ್ರಾಂಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. ಆ ಜಾಗಗಳನ್ನೆಲ್ಲ ಹುಡುಕಿ ಸರಿಪಡಿಸುವ ಕೆಲಸದಿಂದಲೇ ನಮ್ಮ ಎಷ್ಟೋ ಕಂಪನಿಗಳಿಗೆ ವಿದೇಶದ ಬಾಗಿಲು ತೆರೆಯಿತು. ಅದೂ ಇನ್ನೊಬ್ಬರ ಕೋಡ್ ಓದುವ ಕೆಲಸವೇ.

ಒಂದೇ ಬಿಲ್ಲಿನ ಹಿಂದೆ ಹೋಗು

ಹತ್ತನೇ ದಿನ ನಮ್ಮ ಟೀಮ್‌ನ ಹಿರಿಯರೊಬ್ಬರು ನನ್ನ ನೋಟ್‌ಬುಕ್ ನೋಡಿ ನಕ್ಕರು. ಮಲೆನಾಡಿನ ಕಡೆಯವರು. ‘ಮಾರಾಯ್ತಿ, ನೀನು ಇದನ್ನ ಕಾದಂಬರಿ ಓದಿದ ಹಾಗೆ ಓದ್ತಾ ಇದ್ದೀಯಲ್ಲ. ಪಿಜಿಯಿಂದ ಆಫೀಸಿಗೆ ಹೆಂಗೆ ಬರ್ತೀಯ?’ ಎಂದು ಕೇಳಿದರು. ಬಸ್ಸಿನಲ್ಲಿ ಎಂದೆ. ‘ಬೆಂಗಳೂರಿನ ಎಲ್ಲಾ ಬಸ್ಸಿನ ನಂಬರ್ ಬಾಯಿಪಾಠ ಮಾಡ್ಕೊಂಡು ಆಮೇಲೆ ಹತ್ತಿದ್ಯಾ?’

ಅವರು ಹೇಳಿಕೊಟ್ಟದ್ದು ಇಷ್ಟೇ. ಮೊದಲು ಸಾಫ್ಟ್‌ವೇರನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಬೇಕು. ಮಂಡಿಯ ಗುಮಾಸ್ತರು ಬಳಸುವ ಹಾಗೆಯೇ ಬಳಸಿ ಒಂದು ಬಿಲ್ ಮಾಡಬೇಕು. ಸ್ಕ್ರೀನ್ ಮೇಲೆ ಕಾಣುವ ಯಾವುದಾದರೂ ಒಂದು ಪದವನ್ನು ಇಡೀ ಕೋಡಿನಲ್ಲಿ ಹುಡುಕಬೇಕು. ನಾನು ‘ಒಟ್ಟು ತೂಕ’ ಎಂದು ಹುಡುಕಿದೆ. ಎರಡು ಲಕ್ಷ ಸಾಲಿನಲ್ಲಿ ಆರು ಜಾಗ ಸಿಕ್ಕವು. ಒಂದನ್ನು ‘ಒಟ್ಟ್ಟು ತೂಕ’ ಎಂದು ಬೇಕೆಂದೇ ತಪ್ಪಾಗಿ ತಿದ್ದಿ ಮತ್ತೆ ಓಡಿಸಿದೆ. ಬಿಲ್ಲಿನ ಮೇಲೆ ತಪ್ಪು ಪದ ಕಾಣಿಸಿತು. ಆ ಸಂತೋಷ ಹೇಳಲಾರೆ. ಎರಡು ಲಕ್ಷ ಸಾಲಿನಲ್ಲಿ ನನಗೆ ಗೊತ್ತಿರುವ ಒಂದು ಸಾಲು ಇತ್ತು ಈಗ.

ಅಲ್ಲಿ ಬ್ರೇಕ್‌ಪಾಯಿಂಟ್ ಹಾಕಿ ಪ್ರೋಗ್ರಾಮನ್ನು ನಿಲ್ಲಿಸಿದರೆ ಡಿಬಗ್ಗರ್ ‘ಕಾಲ್ ಸ್ಟ್ಯಾಕ್’ ತೋರಿಸುತ್ತದೆ. ಅಂದರೆ ಈ ಫಂಕ್ಷನ್ನನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎನ್ನುವ ವಂಶಾವಳಿ. ನಲವತ್ತು ಪುಟ ಬರೆದು ಸಿಗದ ದಾರಿ ಅಲ್ಲಿ ಹದಿನಾಲ್ಕು ಸಾಲಿನಲ್ಲಿತ್ತು. ಬಟನ್ ಒತ್ತಿದಲ್ಲಿಂದ ಬಿಲ್ ಪ್ರಿಂಟಾಗುವವರೆಗಿನ ಆ ದಾರಿಯನ್ನು ಒಂದು ಹಾಳೆಯ ಮೇಲೆ ಬಾಣ ಹಾಕಿ ಬರೆದೆ. ಉಳಿದ ಎಲ್ಲವನ್ನೂ ಬಿಟ್ಟೆ. ಬಿಡುವುದಕ್ಕೆ ಧೈರ್ಯ ಬೇಕು, ಪರೀಕ್ಷೆಗೆ ಓದಿ ಬೆಳೆದವರಿಗೆ ಇನ್ನೂ ಹೆಚ್ಚು ಬೇಕು. ಮೂರು ವರ್ಷವಾದರೂ ಆ ಕೋಡಿನ ಅರ್ಧ ಭಾಗವನ್ನು ನಾನು ತೆರೆದೂ ನೋಡಿಲ್ಲ.

ಆ ದಾರಿಯಲ್ಲಿ ಹೋಗುವಾಗ ಇನ್ನೊಂದು ವಿಷಯ ಕಂಡಿತು. ಕೋಡಿನಲ್ಲಿದ್ದ ಹೆಸರುಗಳಲ್ಲಿ ಅನೇಕವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಹಮಾಲಿ, ನಿವ್ವಳ, ಚೀಲ, ಪಟ್ಟಿ. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು, ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಿದ್ದವನು. ‘ಪಟ್ಟಿ’ ಅಂದರೆ ಲಿಸ್ಟ್ ಎಂದುಕೊಂಡು ಅವನು ಒಂದು ದಿನ ಪೂರ್ತಿ ತಲೆ ಕೆಡಿಸಿಕೊಂಡಿದ್ದ. ಪೈಥಾನ್‌ನಲ್ಲಿ ಲಿಸ್ಟ್ ಎನ್ನುವುದೇ ಬೇರೆ ಇದೆಯಲ್ಲ, ಅದರ ಗೊಂದಲ ಬೇರೆ. ನಾನು ಹಿರೇಕೆರೂರು ಕಡೆಯವಳು. ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರಿನಲ್ಲಿ ಅಪ್ಪನ ಜತೆ ಎಪಿಎಂಸಿಗೆ ಹೋಗಿ, ಮಾಲು ತೂಗಿ ಮುಗಿದ ಮೇಲೆ ಅಂಗಡಿಯವರಿಂದ ಪಟ್ಟಿ ಇಸಿದುಕೊಂಡು ಬಂದವಳು. ಪಟ್ಟಿ ಅಂದರೆ ರೈತನಿಗೆ ಕೊಡುವ ಮಾರಾಟದ ಬಿಲ್. ಒಟ್ಟು ತೂಕದಲ್ಲಿ ಚೀಲದ ತೂಕ ಕಳೆದರೆ ನಿವ್ವಳ. ಇದನ್ನು ಯಾವ ಕಂಪ್ಯೂಟರ್ ಸೈನ್ಸ್ ಪುಸ್ತಕದಿಂದಲೂ ನಾನು ಕಲಿತಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಹಳ್ಳಿಯಿಂದ ಬಂದದ್ದು ಕೆಲಸಕ್ಕೆ ಬಂದ ಮೊದಲ ಸಂದರ್ಭ ಅದು.

ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲಿ ಒಂದು ಪ್ರಬಂಧ ಬರೆದಿದ್ದರು. ಪ್ರೋಗ್ರಾಂ ಎಂದರೆ ಫೈಲುಗಳಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿರುವ ತಿಳಿವಳಿಕೆಯೇ ನಿಜವಾದ ಪ್ರೋಗ್ರಾಂ ಎನ್ನುವುದು ಅವರ ವಾದ. ಹೊರಗಿನ ಪ್ರಪಂಚದ ಯಾವ ಸಂಗತಿ ಕೋಡಿನ ಯಾವ ಭಾಗವಾಯಿತು, ಯಾಕೆ ಹಾಗಾಯಿತು ಎನ್ನುವುದು ಆ ತಿಳಿವಳಿಕೆ. ಕಟ್ಟಿದವರು ಹೋದರೆ ಅದೂ ಅವರ ಜತೆ ಹೋಗುತ್ತದೆ. ಕಂಪನಿ ಬಿಟ್ಟುಹೋದವರ ಕೋಡ್ ಮುಂದೆ ಕೂತಾಗ ನಮಗೆ ಸಿಗುವುದು ಫೈಲುಗಳು ಮಾತ್ರ. ನಾನು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಪ್ರಬಂಧದಿಂದಲ್ಲ, ಒಂದು ತಪ್ಪಿನಿಂದ.

ಎರಡು ಸೆಕೆಂಡ್

ಸೇರಿ ನಾಲ್ಕು ತಿಂಗಳಾಗಿತ್ತು. ಬಿಲ್ಲಿನ ದಾರಿ ಚೆನ್ನಾಗಿ ಗೊತ್ತಾಗಿತ್ತು, ಸ್ವಲ್ಪ ಜಂಬವೂ ಬಂದಿತ್ತು ಎನ್ನಿ. ಪ್ರಿಂಟ್ ಮಾಡುವ ಫಂಕ್ಷನ್ನಿನಲ್ಲಿ ಒಂದು ಸಾಲು ಬಹಳ ದಿನದಿಂದ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಬಿಲ್ ಪ್ರಿಂಟರಿಗೆ ಕಳಿಸಿದ ಮೇಲೆ ಪ್ರೋಗ್ರಾಂ ಎರಡು ಸೆಕೆಂಡ್ ಸುಮ್ಮನೆ ನಿಲ್ಲುತ್ತಿತ್ತು. ಆಮೇಲೆ ಮುಂದಿನ ಬಿಲ್. ಯಾಕೆ ಎಂದು ಕಾಮೆಂಟ್ ಇರಲಿಲ್ಲ. ಒಂದು ಸಲಕ್ಕೆ ಐವತ್ತು ಬಿಲ್ ಹಾಕಿದರೆ ನೂರು ಸೆಕೆಂಡ್ ವ್ಯರ್ಥ! ಯಾರೋ ಪರೀಕ್ಷೆ ಮಾಡುವಾಗ ಹಾಕಿ ಮರೆತಿರಬೇಕು ಎಂದುಕೊಂಡೆ. ತೆಗೆದೆ. ಆಫೀಸಿನ ಪ್ರಿಂಟರಿನಲ್ಲಿ ಹತ್ತು ಬಿಲ್ ಹಾಕಿ ನೋಡಿದೆ, ಪಟಪಟನೆ ಬಂದವು. ಹಿರಿಯರು ಆ ವಾರ ರಜೆಯಲ್ಲಿದ್ದರು. ಬೇರೊಂದು ಸಣ್ಣ ಕೆಲಸದ ಜತೆ ಇದನ್ನೂ ಸೇರಿಸಿ ಬಿಡುಗಡೆ ಮಾಡಿದೆವು. ‘ಪ್ರಿಂಟಿಂಗ್ ವೇಗ ಹೆಚ್ಚಿಸಲಾಗಿದೆ’ ಎಂದು ಹೆಮ್ಮೆಯಿಂದ ಬರೆದವಳೂ ನಾನೇ.

ಮರುದಿನ ಮಧ್ಯಾಹ್ನ ಸಾಗರದ ಒಂದು ಮಂಡಿಯಿಂದ ಫೋನ್. ‘ಮೇಡಂ, ಬಿಲ್ಲು ಅರ್ಧಕ್ಕೇ ನಿಲ್ತಾ ಇದೆ. ಮೇಲಿಂದ ಸರಿ ಬರ್ತದೆ, ಕೆಳಗೆ ಟೋಟಲ್ಲೇ ಇಲ್ಲ.’ ವ್ಯಾಪಾರದ ದಿನ ಅದು. ಹಿಂದೆ ಜನ ಮಾತಾಡುವ ಗದ್ದಲ ಕೇಳುತ್ತಿತ್ತು. ಏನಾಗಿದೆ ಎಂದು ನನಗೆ ತಿಳಿಯಲಿಲ್ಲ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ ಎಂದೆ, ಕೇಬಲ್ ತೆಗೆದು ಹಾಕಿ ಎಂದೆ. ಎಲ್ಲರೂ ಹೇಳುವುದನ್ನೇ ಹೇಳಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್. ಈ ಸಲ ದನಿ ಗಡುಸಾಗಿತ್ತು. ‘ನಾವು ಕೈಯಲ್ಲಿ ಲೆಕ್ಕ ಬರ್ಕೊಡ್ತಾ ಇದ್ದೀವಿ. ಸಂಜೆ ಬಸ್ಸಿಗೆ ಹೋಗೋರು ಇದ್ದಾರೆ ಇಲ್ಲಿ, ಹಳ್ಳಿಗೆ ಆಮೇಲೆ ಬಸ್ಸಿಲ್ಲ.’

ಆ ಮಾತು ನನಗೆ ತಾಗಿತು. ಮಾಲು ಮಾರಿ ಪಟ್ಟಿಗಾಗಿ ಕಟ್ಟೆಯ ಮೇಲೆ ಕಾಯುವುದು ಎಂದರೇನು ಎಂದು ನನಗೆ ಗೊತ್ತು. ಕಾಯುತ್ತಾ ಕೂತ ಅಪ್ಪನನ್ನು ನೋಡಿದ್ದೇನೆ.

ಹಿಂದಿನ ಆವೃತ್ತಿಯನ್ನೇ ಮತ್ತೆ ಹಾಕಿಕೊಟ್ಟೆವು, ಬಿಲ್ ಸರಿಯಾಗಿ ಬಂದವು. ಸೋಮವಾರ ಹಿರಿಯರು ಬಂದರು. ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ. ಅವರು ಕೇಳಿದ್ದು ಒಂದೇ: ‘ಆ ಸಾಲು ಬರೆದವರು ಯಾರು ಅಂತ ನೋಡಿದ್ಯಾ?’

ನೋಡಿರಲಿಲ್ಲ. ನೋಡಲು ಬೇಕಾಗುವುದು ಒಂದು ಕಮಾಂಡ್, ‘ಗಿಟ್ ಬ್ಲೇಮ್’. ಲಿನಕ್ಸ್‌ನ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಶುರು ಮಾಡಿದ ಗಿಟ್ ಗೊತ್ತಲ್ಲ? ಕೋಡನ್ನು ಗಿಟ್‌ಹಬ್‌ಗೆ ತಳ್ಳುವುದಕ್ಕೆ ಮಾತ್ರ ಅದು ಇರುವುದು ಎಂದು ಕಾಲೇಜಿನಲ್ಲಿ ತಿಳಿದಿದ್ದೆ. ಅದರ ನಿಜವಾದ ಬೆಲೆ ಹಿಂದಕ್ಕೆ ನೋಡುವುದರಲ್ಲಿದೆ. ಪ್ರತಿಯೊಂದು ಸಾಲನ್ನು ಕೊನೆಯ ಸಲ ಮುಟ್ಟಿದವರು ಯಾರು, ಯಾವ ದಿನ, ಏನೆಂದು ಬರೆದು ಮುಟ್ಟಿದರು ಎನ್ನುವುದನ್ನು ಬ್ಲೇಮ್ ತೋರಿಸುತ್ತದೆ. ಹೆಸರು ಕೆಟ್ಟದ್ದು, ಬೈಯುವುದಕ್ಕೆ ಇಟ್ಟಂತಿದೆ. ಕಮಾಂಡ್ ಕೊಟ್ಟೆ. ಆ ಎರಡು ಸೆಕೆಂಡಿನ ಸಾಲಿನ ಪಕ್ಕ ಹಿರಿಯರದೇ ಹೆಸರಿತ್ತು. ಏಳು ವರ್ಷ ಹಳೆಯದು. ಸಂದೇಶದ ಜಾಗದಲ್ಲಿ ಒಂದೇ ಪದ: ಪ್ರಿಂಟರ್.

ಅವರಿಗೇ ನಾಚಿಕೆಯಾಯಿತು. ‘ಇದನ್ನ ಬರೆದ ಕಾಲಕ್ಕೆ ನಂಗೆ ನೆನಪಿತ್ತು, ಸಾಕು ಅನ್ಕೊಂಡಿದ್ದೆ’ ಎಂದರು. ಆಮೇಲೆ ಕಥೆ ಹೇಳಿದರು. ಮಂಡಿಗಳಲ್ಲಿ ಈಗಲೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟುಕೊಳ್ಳುವುದು ಹಳೆಯದರ ಮೇಲಿನ ಪ್ರೀತಿಯಿಂದಲ್ಲ, ಕಾರ್ಬನ್ ಕಾಪಿ ಬೇಕು ಎಂದು. ಕಾಗದಕ್ಕೆ ಸೂಜಿ ಬಡಿದರೆ ಮಾತ್ರ ಕೆಳಗಿನ ಪ್ರತಿಯೂ ಮೂಡುತ್ತದೆ, ಲೇಸರ್‌ನಲ್ಲಿ ಅದಾಗುವುದಿಲ್ಲ. ಸಾಗರದ ಆ ಪ್ರಿಂಟರ್ ಸೀರಿಯಲ್ ಕೇಬಲ್ಲಿನಲ್ಲಿ ಜೋಡಿಸಿದ್ದು. ‘ಸ್ವಲ್ಪ ತಡಿ, ನನ್ನ ಹೊಟ್ಟೆ ತುಂಬಿದೆ’ ಎಂದು ಕಂಪ್ಯೂಟರಿಗೆ ಹೇಳುವ ವ್ಯವಸ್ಥೆ ಆ ಜೋಡಣೆಯಲ್ಲಿ ಇರಲಿಲ್ಲ. ಒಂದು ಬಿಲ್ ಬಡಿದು ಮುಗಿಯುವ ಮೊದಲೇ ಇನ್ನೊಂದು ಬಂದರೆ ಅದರ ಸಣ್ಣ ಮೆಮೊರಿ ತುಂಬಿ, ಉಳಿದದ್ದು ಚೆಲ್ಲಿ ಹೋಗುತ್ತಿತ್ತು. ಇವರು ಆ ಬೇಸಿಗೆಯಲ್ಲಿ ಎರಡು ದಿನ ಮಂಡಿಯಲ್ಲೇ ಕೂತು, ಒಂದು ಸೆಕೆಂಡ್ ಸಾಲದು ಎಂದು ಕಂಡು ಎರಡು ಮಾಡಿ ಬಂದಿದ್ದರು.

ಎರಡು ದಿನದ ಕೆಲಸ, ಕೋಡಿನಲ್ಲಿ ಒಂದು ಸಾಲು. ಸಾಲು ಉಳಿದಿತ್ತು, ಎರಡು ದಿನ ಎಲ್ಲೂ ಬರೆದಿರಲಿಲ್ಲ.

ಆಮೇಲೆ ನಾನು ಮಾಡಿದ ಬದಲಾವಣೆ ಸಣ್ಣದು. ಆ ಎರಡು ಸೆಕೆಂಡನ್ನು ಪ್ರಿಂಟರ್ ಸೆಟ್ಟಿಂಗ್ಸ್‌ಗೆ ತಂದೆ. ಹಳೆಯ ಸೀರಿಯಲ್ ಪ್ರಿಂಟರ್ ಇರುವಲ್ಲಿ ಎರಡು, ಹೊಸದಿರುವಲ್ಲಿ ಸೊನ್ನೆ. ಮೇಲೆ ನಾಲ್ಕು ಸಾಲಿನ ಕಾಮೆಂಟ್: ಯಾವ ಊರು, ಯಾವ ಬಗೆಯ ಕೇಬಲ್, ತೆಗೆದರೆ ಏನಾಗುತ್ತದೆ. ಹೊಸ ಪ್ರಿಂಟರ್ ಇರುವ ಮಂಡಿಗಳಲ್ಲಿ ಈಗ ಬಿಲ್ ನಿಜವಾಗಿಯೂ ಬೇಗ ಬರುತ್ತದೆ. ಮೊದಲ ಸಲ ನಾನು ಮಾಡಹೊರಟದ್ದೂ ಅದನ್ನೇ.

ನನ್ನ ತಪ್ಪು ಸಣ್ಣದು. ಇದೇ ಬಗೆಯ ದೊಡ್ಡ ತಪ್ಪೊಂದು ದಾಖಲೆಯಲ್ಲಿದೆ. ಡೆಬಿಯನ್ ಎನ್ನುವ ಲಿನಕ್ಸ್‌ನಲ್ಲಿ ಓಪನ್ ಎಸ್‌ಎಸ್‌ಎಲ್ ಇರುತ್ತದೆ. ನಾವು ಸರ್ವರಿಗೆ ಲಾಗಿನ್ ಆಗುವ ರಹಸ್ಯ ಕೀಲಿಗಳನ್ನು ತಯಾರಿಸುವಲ್ಲಿ ಅದರ ಪಾತ್ರ ದೊಡ್ಡದು. 2006ರಲ್ಲಿ ದೋಷ ಹುಡುಕುವ ಒಂದು ಸಾಧನ, ಆ ಕೋಡಿನಲ್ಲಿ ಬೆಲೆ ತುಂಬದ ಮೆಮೊರಿಯನ್ನು ಬಳಸಲಾಗುತ್ತಿದೆ ಎಂದು ಎಚ್ಚರಿಕೆ ತೋರಿಸುತ್ತಿತ್ತು. ಎಚ್ಚರಿಕೆ ಹೋಗಲೆಂದು ಡೆಬಿಯನ್‌ನ ಕಡೆಯಿಂದ ಸಂಬಂಧಪಟ್ಟ ಸಾಲುಗಳನ್ನು ತೆಗೆದರು. ಕೇಳದೆ ಮಾಡಿದ್ದಲ್ಲ, ಮೂಲ ತಂಡದವರಿಗೆ ಬರೆದು ಕೇಳಿದ್ದರು, ಸ್ಪಷ್ಟ ವಿರೋಧ ಬರಲಿಲ್ಲ. ಆದರೆ ತೆಗೆದದ್ದರಲ್ಲಿ ಒಂದು ಸಾಲು, ಯಾರೂ ಊಹಿಸಲಾಗದ ಸಂಖ್ಯೆಗಳನ್ನು ಕಲಸುವ ಸಾಲಾಗಿತ್ತು. ಅದು ಹೋದ ಮೇಲೆ ವ್ಯತ್ಯಾಸ ತರಲು ಉಳಿದದ್ದು ಪ್ರೋಗ್ರಾಮಿನ ಪ್ರೊಸೆಸ್ ನಂಬರ್ ಮಾತ್ರ, ಅದರಲ್ಲಿ ಸಾಧ್ಯತೆಗಳು ಸುಮಾರು 32 ಸಾವಿರ. ಆ ಅವಧಿಯಲ್ಲಿ ಡೆಬಿಯನ್, ಉಬುಂಟುಗಳಲ್ಲಿ ತಯಾರಾದ ಕೀಲಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಕಂಡುಹಿಡಿಯಬಹುದಿತ್ತು. ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. ಅಷ್ಟು ದಿನವೂ ಎಲ್ಲ ‘ಸರಿಯಾಗಿ’ ನಡೆಯುತ್ತಿತ್ತು. ನನ್ನ ಬಿಲ್ ಅರ್ಧಕ್ಕೆ ನಿಂತಿತು, ಮರುದಿನವೇ ಫೋನ್ ಬಂತು. ನಾನು ಅದೃಷ್ಟವಂತೆ.

ಮೊದಲು ಇದ್ದದ್ದನ್ನು ಹಿಡಿದಿಡು

ಅದಾದ ಮೇಲೆ ಹಿರಿಯರು ಒಂದು ಪುಸ್ತಕ ಕೊಟ್ಟರು. ಮೈಕೆಲ್ ಫೆದರ್ಸ್ 2004ರಲ್ಲಿ ಬರೆದ ‘ವರ್ಕಿಂಗ್ ಎಫೆಕ್ಟಿವ್ಲಿ ವಿತ್ ಲೆಗಸಿ ಕೋಡ್’. ದಪ್ಪ ಪುಸ್ತಕ, ಪೂರ್ತಿ ಓದಿಲ್ಲ. ಒಂದು ವಿಚಾರ ಮಾತ್ರ ಗಟ್ಟಿಯಾಗಿ ಉಳಿದಿದೆ. ಟೆಸ್ಟ್ ಇಲ್ಲದ ಕೋಡನ್ನೇ ಆತ ಲೆಗಸಿ ಕೋಡ್ ಎನ್ನುತ್ತಾನೆ, ಅದು ನಿನ್ನೆ ಬರೆದದ್ದಾದರೂ ಸರಿ. ಅಂಥದ್ದನ್ನು ಮುಟ್ಟುವ ಮೊದಲು, ಅದು ಈಗ ಏನು ಮಾಡುತ್ತಿದೆಯೋ ಅದನ್ನು ಹಾಗೆಯೇ ದಾಖಲಿಸುವ ಟೆಸ್ಟ್ ಬರೆಯಬೇಕು. ಏನು ಮಾಡಬೇಕಿತ್ತು ಎನ್ನುವುದು ಆಮೇಲಿನ ಮಾತು.

ಇದು ಉಪಯೋಗಕ್ಕೆ ಬಂದದ್ದು ಮುಂದಿನ ವರ್ಷ. ನಮ್ಮ ಕೋಡಿನ ಹಳೆಯ ಭಾಗ ಇನ್ನೂ ಪೈಥಾನ್ 2ರಲ್ಲೇ ಇತ್ತು. ಅದಕ್ಕೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿತ್ತು. ಪೈಥಾನ್ 3ಕ್ಕೆ ತರುವ ಕೆಲಸ ನನಗೆ ಬಂತು. ಮೊದಲು ಹಳೆಯ ಬಿಲ್ಲುಗಳಲ್ಲಿ ನಲವತ್ತನ್ನು ಆರಿಸಿದೆ, ಬೇಕೆಂದೇ ವಿಚಿತ್ರವಾದವನ್ನು: ಒಂದೇ ಚೀಲದ್ದು, ಇನ್ನೂರು ಚೀಲದ್ದು, ಹಮಾಲಿ ಸೊನ್ನೆ ಇರುವುದು, ಪೈಸೆಯಲ್ಲಿ ಸರಿಯಾಗಿ 50 ಬರುವುದು. ಹಳೆಯ ಕೋಡ್ ಕೊಟ್ಟ ಉತ್ತರಗಳನ್ನು ಫೈಲಿನಲ್ಲಿಟ್ಟೆ. ಹೊಸದಕ್ಕೆ ಬದಲಿಸಿ ಹೋಲಿಸಿದೆ. ಎರಡು ಬಿಲ್ಲಿನಲ್ಲಿ ಒಂದು ರೂಪಾಯಿ ಕಡಿಮೆ.

ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಪೈಥಾನೇ. ರೌಂಡ್ ಮಾಡುವಾಗ ಪೈಥಾನ್ 2 ಎರಡೂವರೆಯನ್ನು ಮೂರು ಮಾಡುತ್ತಿತ್ತು. ಪೈಥಾನ್ 3 ಅದನ್ನು ಎರಡು ಮಾಡುತ್ತದೆ, ಸರಿಯಾಗಿ ನಡುವೆ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುವ ನಿಯಮ ಅದರದು. ಹಾಗೆಯೇ ಐದನ್ನು ಎರಡರಿಂದ ಭಾಗಿಸಿದರೆ ಅದಕ್ಕೆ ಎರಡು, ಇದಕ್ಕೆ ಎರಡೂವರೆ. ನಿಮ್ಮ ಕಂಪ್ಯೂಟರಿನಲ್ಲೇ ಪರೀಕ್ಷಿಸಿ ನೋಡಬಹುದು. ಒಂದು ರೂಪಾಯಿ ಎಂದರೆ ಏನು ಮಹಾ ಎನ್ನಬೇಡಿ, ಪಟ್ಟಿಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ರೈತ ಬಿಟ್ಟರೂ ಗುಮಾಸ್ತ ಬಿಡುವುದಿಲ್ಲ, ಅವನ ದಿನದ ಲೆಕ್ಕ ಕೂಡುವುದಿಲ್ಲ. ನಲವತ್ತು ಬಿಲ್ ಇಲ್ಲದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇನ್ನೊಂದು ಸಾಧನದ ಬಗ್ಗೆ ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ ಬೈನರಿ ಸರ್ಚ್ ಬರೆದು, ವೈವಾದಲ್ಲಿ ಉತ್ತರ ಹೇಳಿ, ಮರೆತಿರುತ್ತೇವೆ. ‘ಗಿಟ್ ಬೈಸೆಕ್ಟ್’ ಅದೇ. ಆರು ತಿಂಗಳ ಹಿಂದೆ ಸರಿಯಿದ್ದ ವರದಿ ಈಗ ತಪ್ಪು ತೋರಿಸುತ್ತಿದೆ, ಮಧ್ಯೆ ಸಾವಿರ ಬದಲಾವಣೆಗಳಾಗಿವೆ ಎಂದುಕೊಳ್ಳಿ. ಅದು ನಡುವಿನದನ್ನು ತೆಗೆದು ತೋರಿಸಿ ‘ಸರಿಯಾ ತಪ್ಪಾ’ ಎಂದು ಕೇಳುತ್ತದೆ, ಅರ್ಧ ಬಿಡುತ್ತದೆ, ಮತ್ತೆ ನಡುವಿನದಕ್ಕೆ ಹೋಗುತ್ತದೆ. ಹತ್ತು ಸಲ ಉತ್ತರ ಹೇಳಿದರೆ ಕೆಡಿಸಿದ ಬದಲಾವಣೆ ಸಿಕ್ಕಿರುತ್ತದೆ. ಸಿಕ್ಕ ಮೇಲೆ ಅದು ನಾನೇ ಮಾಡಿದ್ದು ಎಂದು ಗೊತ್ತಾಗುವುದೂ ಉಂಟು.

ಕೆಲಸ ಹುಡುಕುತ್ತಿರುವವರಿಗೆ

ಕಳೆದ ವರ್ಷದಿಂದ ಇಂಟರ್‌ವ್ಯೂಗಳಲ್ಲಿ ಮೇಜಿನ ಆಚೆ ಬದಿಯಲ್ಲಿ ಕೂರುವ ಅವಕಾಶ ನನಗೂ ಸಿಕ್ಕಿದೆ. ನಾವು ಅರವತ್ತು ಸಾಲಿನ ಒಂದು ಕೋಡ್ ಕೊಟ್ಟು ‘ಇದು ಏನು ಮಾಡುತ್ತೆ ಹೇಳಿ’ ಎನ್ನುತ್ತೇವೆ. ಚೆನ್ನಾಗಿ ಓದಿಕೊಂಡು ಬಂದವರೂ ಇಲ್ಲಿ ತಡವರಿಸುತ್ತಾರೆ. ಗೊತ್ತಿಲ್ಲ ಎಂದರೆ ಮಾರ್ಕ್ಸ್ ಹೋಗುತ್ತದೆ ಎಂಬ ಭಯ, ಅದಕ್ಕೇ ಊಹಿಸಿ ಹೇಳುತ್ತಾರೆ. ‘ಇಲ್ಲಿವರೆಗೆ ಗೊತ್ತಾಯ್ತು, ಈ ಸಾಲು ಯಾಕೆ ಇದೆ ಗೊತ್ತಾಗ್ಲಿಲ್ಲ, ಓಡಿಸಿ ನೋಡಬಹುದಾ?’ ಎಂದು ಕೇಳಿದ ಹುಡುಗಿಯೊಬ್ಬಳನ್ನು ನಾವು ಅಂದೇ ತೆಗೆದುಕೊಂಡೆವು. ಎಲ್ಲ ಕಂಪನಿಗಳೂ ಹೀಗೇ ಕೇಳುತ್ತವೆ ಎಂದು ನಾನು ಹೇಳಲಾರೆ. ಆದರೆ ಸೇರಿದ ಮೇಲೆ ಎಲ್ಲಿ ಹೋದರೂ ಇದೇ ಕೆಲಸ.

ಅಭ್ಯಾಸಕ್ಕೆ ಓಪನ್ ಸೋರ್ಸ್‌ಗಿಂತ ಒಳ್ಳೆಯ ಜಾಗ ಇಲ್ಲ. ನೀವು ದಿನಾ ಬಳಸುವ ಸಣ್ಣದೊಂದು ಸಾಫ್ಟ್‌ವೇರ್ ಆರಿಸಿಕೊಳ್ಳಿ, ದೊಡ್ಡದಲ್ಲ. ಮೊದಲ ವಾರದ ಗುರಿ ಅದನ್ನು ನಿಮ್ಮ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ ಓಡಿಸುವುದಷ್ಟೇ ಇರಲಿ. ಅದಕ್ಕೇ ವಾರ ಬೇಕಾಗುತ್ತದೆ, ಬೇಸರ ಬೇಡ. ಅದರ ಕೈಪಿಡಿಯಲ್ಲಿರುವ ಸೂಚನೆ ನಿಮ್ಮಲ್ಲಿ ಎಲ್ಲಿ ಕೆಲಸ ಮಾಡಲಿಲ್ಲವೋ ಅದನ್ನು ತಿದ್ದಿ ಕಳಿಸಿದರೂ ಅದು ನಿಜವಾದ ಸಹಾಯವೇ. ಹೊಸಬರಿಗೆಂದೇ ‘ಗುಡ್ ಫಸ್ಟ್ ಇಶ್ಯೂ’ ಎಂದು ಗುರುತು ಮಾಡಿಟ್ಟ ಕೆಲಸಗಳು ಅನೇಕ ಕಡೆ ಸಿಗುತ್ತವೆ. ಲಿಬ್ರೆ ಆಫೀಸ್‌ನವರು ಅದನ್ನು ‘ಈಸಿ ಹ್ಯಾಕ್’ ಎನ್ನುತ್ತಾರೆ. ಅಲ್ಲಿನ ಒಂದು ಕೆಲಸ ನನಗೆ ಬಹಳ ಇಷ್ಟ. ಆ ಕೋಡಿನ ಮೂಲ ಜರ್ಮನಿಯ ಒಂದು ಕಂಪನಿ, ಹಾಗಾಗಿ ಕಾಮೆಂಟುಗಳು ರಾಶಿ ರಾಶಿ ಜರ್ಮನ್ ಭಾಷೆಯಲ್ಲಿದ್ದವು. ಅವನ್ನು ಇಂಗ್ಲಿಷಿಗೆ ತರುವುದನ್ನೇ ಹೊಸಬರ ಕೆಲಸವಾಗಿ ಕೊಟ್ಟಿದ್ದರು, ವರ್ಷಗಟ್ಟಲೆ ನಡೆಯಿತು. ನಮ್ಮ ‘ಹಮಾಲಿ’, ‘ಪಟ್ಟಿ’ಗಳನ್ನು ನೋಡಿದಾಗೆಲ್ಲ ಅದು ನೆನಪಾಗುತ್ತದೆ.

ಆದರೆ ರೆಸ್ಯುಮೆಗೆ ಒಂದು ಸಾಲು ಬೇಕೆಂದು ಮಾಡಬೇಡಿ. 2020ರ ಅಕ್ಟೋಬರಿನ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿ ಒಂದು ಟಿ-ಶರ್ಟ್‌ಗಾಗಿ ಎಷ್ಟೋ ಜನ, ನಮ್ಮ ದೇಶದ ವಿದ್ಯಾರ್ಥಿಗಳೂ ಸೇರಿದಂತೆ, ಯಾರದೋ ಪ್ರಾಜೆಕ್ಟಿನಲ್ಲಿ ಒಂದು ವಿಶೇಷಣ ಸೇರಿಸಿ ‘ಸುಧಾರಣೆ’ ಎಂದು ಕಳಿಸಿದ್ದರು. ಅವನ್ನು ಒಂದೊಂದಾಗಿ ತಿರಸ್ಕರಿಸುವುದರಲ್ಲೇ ನಡೆಸುವವರು ಸುಸ್ತಾದರು. ಕೊನೆಗೆ, ಒಪ್ಪಿದ ಪ್ರಾಜೆಕ್ಟುಗಳು ಮಾತ್ರ ಲೆಕ್ಕಕ್ಕೆ ಎಂದು ನಿಯಮವನ್ನೇ ಬದಲಿಸಬೇಕಾಯಿತು.

ಎಐ ಬಂದ ಮೇಲೆ ಇದೆಲ್ಲ ಯಾಕೆ ಎಂದು ತಂಗಿ ಕೇಳುತ್ತಾಳೆ, ಅವಳು ಈಗ ಎರಡನೇ ವರ್ಷದ ಎಂಜಿನಿಯರಿಂಗ್. ನಾನೂ ದಿನಾ ಬಳಸುತ್ತೇನೆ. ಒಂದು ಫಂಕ್ಷನ್ ಕೊಟ್ಟು ಏನು ಮಾಡುತ್ತದೆ ಎಂದು ಕೇಳಿದರೆ ಚೆನ್ನಾಗಿ ಬಿಡಿಸಿ ಹೇಳುತ್ತದೆ. ನನ್ನ ಮೊದಲ ಎರಡು ವಾರದಲ್ಲಿ ಇದ್ದಿದ್ದರೆ ಅಷ್ಟೊಂದು ಕಣ್ಣೀರು ಉಳಿಯುತ್ತಿತ್ತು. ಪರೀಕ್ಷೆಗೆಂದು ಆ ಹಳೆಯ ಪ್ರಿಂಟ್ ಫಂಕ್ಷನ್ನನ್ನೇ, ನನ್ನ ಕಾಮೆಂಟ್ ತೆಗೆದು, ಅದಕ್ಕೆ ಕೊಟ್ಟೆ. ಎರಡು ಸೆಕೆಂಡ್ ಯಾಕಿರಬಹುದು ಎಂದು ಕೇಳಿದ್ದಕ್ಕೆ ಐದು ಕಾರಣ ಕೊಟ್ಟಿತು. ಅದರಲ್ಲಿ ಪ್ರಿಂಟರಿನ ಮೆಮೊರಿಯೂ ಒಂದು, ಮೆಚ್ಚಬೇಕು. ಆದರೆ ಐದರಲ್ಲಿ ಯಾವುದು ಎಂದು ಹೇಳಲು ಸಾಗರಕ್ಕೆ ಫೋನ್ ಮಾಡಲೇಬೇಕು.

ಈ ಜೂನ್‌ನಲ್ಲಿ ನಮ್ಮಲ್ಲಿಗೆ ಹೊಸಬನೊಬ್ಬ ಸೇರಿದ. ಅವನನ್ನು ನನಗೆ ಒಪ್ಪಿಸಿದರು. ಫೋಲ್ಡರ್ ತೋರಿಸಿ ‘ನೋಡ್ತಾ ಇರು’ ಎನ್ನಲಿಲ್ಲ. ಒಂದು ಹಳೆಯ ಬಿಲ್ ಪ್ರಿಂಟ್ ಹಾಕಿ ಕೈಗೆ ಕೊಟ್ಟು, ‘ಈ ನಿವ್ವಳ ತೂಕ ಎಲ್ಲಿಂದ ಬಂತು, ನಾಳೆ ಸಂಜೆಯೊಳಗೆ ಹುಡುಕು’ ಎಂದೆ. ಮರುದಿನ ಮಧ್ಯಾಹ್ನವೇ ಬಂದ. ದಾರಿ ಹಿಡಿದಿದ್ದ. ‘ಅಕ್ಕಾ, ಚೀಲದ ತೂಕ ಕಳೆಯೋದು ಗೊತ್ತಾಯ್ತು. ಆದ್ರೆ ಚೀಲ ನೂರಕ್ಕಿಂತ ಜಾಸ್ತಿ ಇದ್ರೆ ಬೇರೆ ಫಂಕ್ಷನ್‌ಗೆ ಹೋಗುತ್ತೆ, ಯಾಕೆ?’

ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಆ ಸಾಲಿನ ಪಕ್ಕವೇ ಓಡಾಡಿದ್ದೆ, ಕಂಡಿರಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು, ಬ್ಲೇಮ್ ಕಮಾಂಡ್ ಹೊಡೆಯಲು ಹೇಳಿದೆ.